ಕ್ಲೋರೈಡ್ ಬೀದಿಯಲ್ಲಿ ಬುಧವಾರ

ಬ್ರೋಕನ್ ಹಿಲ್‌ನಲ್ಲಿ ಬೀದಿಗಳಿಗೂ ರಸಾಯನದ ಹೆಸರು.
ಕ್ಲೋರೈಡ್ ಬೀದಿಯಲ್ಲಿ ನನ್ನ ಕಿವಿಯ ಕ್ಲಿನಿಕ್ಕು:
ಎರಡು ಕೋಣೆ, ಸದ್ದು ನುಸುಳದ ಒಂದು ಪೆಟ್ಟಿಗೆ,
ಹೊರಗೆ ನಲವತ್ತಮೂರು ಡಿಗ್ರಿ.

ಹಳೆಯ ಲ್ಯಾಪ್‌ಟಾಪಿನ ಕೀಲು ಮುರಿದು ವರ್ಷವಾಗಿತ್ತು,
ಗಾಯದ ಪಟ್ಟಿ ಸುತ್ತಿ ಓಡಿಸುತ್ತಿದ್ದೆ.
ಸೋಮವಾರ ಕಪ್ಪಾಯಿತು, ಮತ್ತೆ ಬೆಳಗಲಿಲ್ಲ.
ಪುಣ್ಯಕ್ಕೆ ಶುಕ್ರವಾರ ಎಲ್ಲ ನಕಲು ಮಾಡಿಟ್ಟಿದ್ದೆ.
ಅಡಿಲೇಡಿನಿಂದ ಹೊಸದು ಬಂತು,
ಹಪ್ಪಳದಷ್ಟು ತೆಳು.

ಈಗ ಹೊಸದರೊಳಗೆ ಹಳೆಯದನ್ನು ಕೂರಿಸಬೇಕು.
ಹಳೆಯದೆಂದರೆ ಯಂತ್ರವಲ್ಲ, ಯಂತ್ರದ ವೇಷ;
ಒಂದು ಕಡತದೊಳಗೆ ಮಲಗಿರುವ ಇಡೀ ಕಂಪ್ಯೂಟರು.
ಅದಕ್ಕೆ ತನ್ನದೇ ಮೆಮೊರಿ, ತನ್ನದೇ ಡಿಸ್ಕು,
ತಾನಿನ್ನೂ ಎರಡು ಸಾವಿರದ ಮೂರರಲ್ಲಿದ್ದೇನೆಂಬ ಗಟ್ಟಿ ನಂಬಿಕೆ.
ಮಿಸ್ಟರ್ ಪೆನ್‌ಹೇಲರ ಶ್ರವಣಯಂತ್ರ
ಮಾತಾಡುವುದು ಅದರ ಜೊತೆ ಮಾತ್ರ.

ತೆರೆದೆ. ಕೆಂಪು ಚೌಕ.
'ಈ ಪ್ರೊಸೆಸರ್ ಮೇಲೆ ಈ ಯಂತ್ರ ನಡೆಯದು.'
ಸೆಟಿಂಗ್ಸಿನ ತಳದವರೆಗೆ ಇಳಿದು ಹುಡುಕಿದೆ,
ಎಲ್ಲರೂ ಹೇಳುವ ಆ ಒಂದು ಸ್ವಿಚ್ಚು
ಇಲ್ಲಿ ಇರಲೇ ಇಲ್ಲ.
ತೆಗೆದು ಹಾಕಿದೆ, ಹಾಕಿ ತೆಗೆದೆ,
ಮೂರನೆಯ ಸಲ ಬೈದೆ, ಗದಗಿನ ಬೈಗುಳ,
ಈ ಊರಲ್ಲಿ ಯಾರನ್ನೂ ನೋಯಿಸದ್ದು.
ತಡವಾಗಿ ಹೊಳೆಯಿತು: ಚಿಪ್ಪಿನ ಜಾತಿಯೇ ಬೇರೆ.
ಹಳೆಯದು ಕೊಡುವ ಒಂದು ಅಪ್ಪಣೆಯೂ ಇದರ ತಲೆಗೆ ಹೋಗದು.
ಕಿವುಡರ ಮುಂದೆ ಕಿನ್ನರಿ.
ಈ ಕ್ಲಿನಿಕ್ಕಿನಲ್ಲಿ ಆ ಗಾದೆ ಆಡಬಾರದು; ಆಡಿಬಿಟ್ಟೆ.

ಉಳಿದದ್ದು ಒಂದೇ ದಾರಿ, ನಡುವೆ ದುಭಾಷಿಯನ್ನು ಕೂರಿಸುವುದು.
ಒಂದೊಂದು ಅಪ್ಪಣೆಯನ್ನೂ ಆಚೆಯಿಂದ ಎತ್ತಿ, ಮಗುಚಿ,
ಈಚೆ ಇಳಿಸಬೇಕು. ನಿಧಾನ, ಆದರೂ ನಡೆದೀತು.
ಒಂದೇ ಷರತ್ತು:
ತಡೆದು ನಿಲ್ಲಿಸಿದ್ದ ಗಳಿಗೆಯನ್ನು ಬಿಟ್ಟುಕೊಡಬೇಕು.

ಆ ಗಳಿಗೆಯಲ್ಲಿ ಇದ್ದದ್ದು
ನನಗಿಂತ ಮೊದಲು ಇಲ್ಲಿದ್ದ ವಿಲ್ಮಾ ನೋಸ್ಕೆ
ಅರ್ಧ ಆಡಿ ಬಿಟ್ಟ ಇಸ್ಪೀಟು.
ಹಸಿರು ಹಾಸಿನ ಮೇಲೆ ಏಳು ಸಾಲು,
ಎರಡನೆಯದರಲ್ಲಿ ಸಿಕ್ಕಿಬಿದ್ದ ಕಳಾವರ್ ರಾಣಿ.
ಆರು ವರ್ಷ, ಸಂಜೆ ಯಂತ್ರವನ್ನು ಆರಿಸದೆ
ಹಾಗೇ ನಿಲ್ಲಿಸಿ ಮನೆಗೆ ಹೋಗುತ್ತಿದ್ದೆ,
ಆ ಕಿಟಕಿ ಮುಚ್ಚದೆ. ಆಟ ಮುಗಿಸಲೂ ಇಲ್ಲ,
ಬೇರೆಯವರ ಎಲೆ.
ಯಾಕೆಂದು ಕೇಳಿದರೆ ಹೇಳಲಾರೆ.

ಒತ್ತಿದೆ. ಹೋಯಿತು.

ಎದ್ದೇಳಲು ಅದಕ್ಕೆ ಮೂವತ್ತೆಂಟು ನಿಮಿಷ.
ಪೆನ್‌ಹೇಲ್ ಆಗಲೇ ಬಂದು ಕೂತಿದ್ದರು, ಟೋಪಿ ಮೊಣಕಾಲ ಮೇಲೆ.
ಮೂವತ್ತೊಂದು ವರ್ಷ ನೆಲದಡಿಯಲ್ಲಿ ಡ್ರಿಲ್ ಹಿಡಿದವರು;
ಸಕಾರ ಶಕಾರಗಳು ಅವರ ಪಾಲಿಗೆ ಎಂದೋ ಉದುರಿವೆ.
ಹೊಸ ಶ್ರವಣಯಂತ್ರ ಉಚಿತವೆಂದರೂ ಬೇಡ,
'ಇದಕ್ಕೆ ನಮ್ಮ ಐವಿಯ ದನಿ ಗೊತ್ತು.'
ಕೇಬಲ್ಲಿಗೆ ಹೊಸದರಲ್ಲಿ ತೂತೇ ಇಲ್ಲ,
ಅಡಾಪ್ಟರಿಗೊಂದು ಅಡಾಪ್ಟರು, ಅದಕ್ಕಿನ್ನೊಂದು,
ಅತ್ತೆಯ ತಂಗಿಯ ನಾದಿನಿಯ ಹಾಗೆ ಸುತ್ತಿ ಬರುವ ಸಂಬಂಧ.

ಕೊನೆಗೂ ಬಲಗಿವಿ, ಎಡಗಿವಿ, ಎರಡು ಹಸಿರು ಚುಕ್ಕೆ.
ಮೌಸು ಎಳೆದರೆ ಬಾಣ
ನಾಲ್ಕು ಸಲ ಕರೆದ ಮೇಲೆ ಏಳುವ ಎಮ್ಮೆಯಂತೆ ಬಂತು.
ನಾಲ್ಕು ಸಾವಿರ ಹರ್ಟ್ಜ್ ಹತ್ತಿರ ಗೆರೆಯನ್ನು
ಮೂರು ಡೆಸಿಬೆಲ್ ಎತ್ತಿ ಬಿಟ್ಟೆ.

ಅವರು ತಲೆ ಓರೆ ಮಾಡಿದರು.
'ಏನದು, ಯಾರೋ ಏದುಸಿರು ಬಿಡುವ ಸದ್ದು?'
ಫ್ಯಾನು, ಅಂದೆ. ಕಂಪ್ಯೂಟರಿನದು,
ಭಾಷಾಂತರದ ಸುಸ್ತು. ನಿಲ್ಲಿಸಲಾ?
'ಬೇಡ ಬೇಡ. ಗಣಿಯಲ್ಲಿ ಫ್ಯಾನ್ ಸದ್ದು ನಿಂತರೆ ಮಾತ್ರ
ನಾವು ಓಡುತ್ತಿದ್ದದ್ದು.'

ಅವರು ಹೋದ ಮೇಲೂ ಮುಚ್ಚಳ ಮುಚ್ಚಲಿಲ್ಲ.
ಹಸಿರು ಹಾಸು ತೆರೆದೆ, ಹೊಸ ಕಟ್ಟು.
ಎಲೆಗಳು ಬಿದ್ದವು ಒಂದೊಂದಾಗಿ,
ಎಷ್ಟು ನಿಧಾನವೆಂದರೆ,
ಒಳಗೆ ಯಾರೋ ಯೋಚಿಸಿ ಯೋಚಿಸಿ
ಹಂಚುತ್ತಿದ್ದ ಹಾಗೆ.